ಕಾಣದ ಮನೆಯ ತೃಪ್ತಿಪತ್ರ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆ ಅವಸರಗೇಡಿಗಳನ್ನು ಹಂಗಿಸುವುದಕ್ಕಾಗಿ ಹುಟ್ಟಿದ್ದು. ಇಂದಿನ ನಗರದ ಸಂಸಾರಸ್ಥನಿಗೆ ಅದು ಹಂಗಿಸುವ ಮಾತಾಗಿ ಉಳಿದಿಲ್ಲ. ಅವನ ನಿತ್ಯದ ವ್ಯವಹಾರವೇ ಆಗಿದೆ. ಬೆಂಗಳೂರಿನ ಯಾವ ಹೊರವಲಯಕ್ಕೆ ಹೋದರೂ ತಗಡಿನ ಬೇಲಿ, ಬೇಲಿಯ ಒಳಗೊಂದು ದೊಡ್ಡ ಗುಂಡಿ, ಗುಂಡಿಯಲ್ಲಿ ನಿಂತ ಮಳೆಯ ನೀರು ಕಾಣುತ್ತವೆ. ಆ ನೀರಿನ ಮೇಲೆ ಎಲ್ಲಿಯೋ ಆಕಾಶದಲ್ಲಿ, ಏಳನೆಯ ಅಂತಸ್ತಿನಲ್ಲಿ, ಪೂರ್ವದಿಕ್ಕಿಗೆ ಮುಖಮಾಡಿದ ಮನೆಯೊಂದಿದೆ. ಅದರಲ್ಲಿ ದೇವರ ಮನೆ ಎಲ್ಲಿ, ತುಳಸಿಯ ಕುಂಡ ಎಲ್ಲಿ ಎಂಬುದೆಲ್ಲ ನಿಶ್ಚಯವಾಗಿ ಹೋಗಿದೆ. ಮನೆ ಮಾತ್ರ ಇನ್ನೂ ಆಗಬೇಕು. ನಕ್ಷೆ ನೋಡಿ ಮನೆ ಕೊಳ್ಳುವುದೆಂದರೆ ಇದು.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹಳಗನ್ನಡ ಪಾಠ ಹೇಳಿದವನಿಗೆ ಆಸ್ತಿವ್ಯವಹಾರದ ಉಸಾಬರಿ ಏಕೆ ಎಂದು ಕೇಳುಗರು ಕೇಳಬಹುದು. ನಾನು ವಕೀಲನಲ್ಲ, ಎಂಜಿನಿಯರನೂ ಅಲ್ಲ. ಆದರೆ ಈ ವಿಷಯದ ತಿರುಳು ಒಂದು ವಾಕ್ಯದಲ್ಲಿದೆ. ವಾಕ್ಯವನ್ನು ಓದುವುದು ನನ್ನ ಕಸುಬು. ಓದದೆ ಬಿಡುವುದರಲ್ಲಿದ್ದೆ ಎಂಬ ಸಂಕೋಚದಿಂದಲೇ ಈ ಮಾತನ್ನು ಹೇಳುತ್ತಿದ್ದೇನೆ.

ಆದದ್ದಿಷ್ಟು. 2019ರಲ್ಲಿ ನಿವೃತ್ತನಾದೆ. 2022ರಲ್ಲಿ, ನಿವೃತ್ತಿಯ ಹಣವೂ ಊರಿನ ತೋಟ ಮಾರಿ ಬಂದ ಪಾಲೂ ಕೈಯಲ್ಲಿದ್ದಾಗ, ನಾನೂ ನನ್ನಾಕೆಯೂ ಇಂಥದೊಂದು ಮನೆಯನ್ನು ಒಪ್ಪಿದೆವು. ಎಪ್ಪತ್ತೆಂಟು ಲಕ್ಷ ರೂಪಾಯಿ ಬೆಲೆ. ಎರಡು ಲಕ್ಷ ಮುಂಗಡ. ಕಂಪನಿಯ ಕಚೇರಿ ತಂಪಾಗಿತ್ತು. ಮಾದರಿ ಮನೆಯಲ್ಲಿ ಅಡುಗೆಮನೆಯ ಕಟ್ಟೆಯ ಮೇಲೆ ಮೇಣದ ಸೇಬುಗಳನ್ನಿಟ್ಟಿದ್ದರು. ಹದಿನೈದು ದಿನಗಳ ಮೇಲೆ ಅರವತ್ತನಾಲ್ಕು ಪುಟಗಳ ಕರಾರು ಮನೆಗೆ ಬಂತು, ಇಂಗ್ಲಿಷಿನಲ್ಲಿ. ಪುಟಪುಟದ ಅಡಿಯಲ್ಲೂ ಸಹಿಗೆಂದು ಪೆನ್ಸಿಲಿನಲ್ಲಿ ಗುರುತು ಮಾಡಿದ್ದರು. ಹಾಗೆ ಗುರುತು ಹಾಕಿಟ್ಟರೆ ಕಣ್ಣು ಗುರುತಿನ ಮೇಲೆ ಹೋಗುತ್ತದೆ, ಬರಹದ ಮೇಲೆ ಹೋಗುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸಿವಿಲ್ ವಕೀಲೆ. ನೆಪಕ್ಕೊಮ್ಮೆ ನೋಡಿಬಿಡಮ್ಮಾ ಎಂದು ಅವಳ ಕೈಗೆ ಕೊಟ್ಟೆ. ಒಂಬತ್ತನೆಯ ಪುಟದಲ್ಲಿ ಬೆರಳಿಟ್ಟು, "ಸಾರ್, ನೀವು ಏನೇನು ಪರಿಶೀಲಿಸಿದಿರಿ?" ಎಂದು ಕೇಳಿದಳು. "ಬಣ್ಣದ ಪುಸ್ತಕ ನೋಡಿದೆ, ಮಾದರಿ ಮನೆ ನೋಡಿದೆ" ಎಂದೆ. "ಇಲ್ಲಿ ಬೇರೆ ಹೇಳಿದ್ದೀರಲ್ಲ ಸಾರ್" ಎಂದಳು. ಅಲ್ಲಿದ್ದ ವಾಕ್ಯವನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: ಖರೀದಿದಾರರು ಸದರಿ ಜಮೀನಿನ ಹಕ್ಕುದಾರಿಕೆಗೆ ಸಂಬಂಧಿಸಿದ ಎಲ್ಲ ದಾಖಲೆಗಳನ್ನೂ, ಮಂಜೂರಾದ ನಕ್ಷೆಗಳನ್ನೂ ಸ್ವತಂತ್ರವಾಗಿ ಪರಿಶೀಲಿಸಿ, ತಮಗೆ ಬೇಕಾದ ಕಾನೂನು ಸಲಹೆಯನ್ನು ಪಡೆದು, ಸಂಪೂರ್ಣ ತೃಪ್ತರಾಗಿರುತ್ತಾರೆ, ಈ ಬಗ್ಗೆ ಮುಂದೆ ಯಾವ ತಕರಾರನ್ನೂ ಎತ್ತತಕ್ಕದ್ದಲ್ಲ.

ಈ ಬಗೆಯ ಪರಿಶೀಲನೆಗೆ ವಕೀಲರು ಡ್ಯೂ ಡಿಲಿಜೆನ್ಸ್ ಎನ್ನುತ್ತಾರೆ. ನಮ್ಮ ಹಿರಿಯರು ಹೆಣ್ಣು ಕೊಡುವಾಗ, ಹೊಲ ಕೊಳ್ಳುವಾಗ ಇದನ್ನೇ ಪೂರ್ವಾಪರ ವಿಚಾರಿಸುವುದು ಎನ್ನುತ್ತಿದ್ದರು. ಅದಕ್ಕಿಂತ ಒಳ್ಳೆಯ ಮಾತು ನನಗೆ ತೋರದು. ಹಾಗಾದರೆ ಇದು ಪೂರ್ವಾಪರದ ಕಲಮು. ಇದರಲ್ಲಿ ಪೂರ್ವಾಪರ ವಿಚಾರಿಸಲು ಅವಕಾಶ ಕೊಟ್ಟಿದೆಯೇ? ಇಲ್ಲ. ವಿಚಾರಿಸಿಯಾಯಿತು ಎಂದು ಬರೆದಿದೆ. ಯಾವ ದಾಖಲೆ? ಹೆಸರಿಲ್ಲ, ತಾರೀಖಿಲ್ಲ, 'ಎಲ್ಲ' ಎಂದಿದೆ. ಯಾವಾಗ ಪರಿಶೀಲಿಸಿದರು? ಕಾಲ ಹೇಳಿಲ್ಲ. ಕ್ರಿಯಾಪದ ಮಾತ್ರ ಮುಗಿದುಹೋದ ಕೆಲಸವನ್ನು ಹೇಳುತ್ತದೆ. ಮಾಡದಿದ್ದ ಕೆಲಸವೊಂದು ಸಹಿಯ ಬಲದಿಂದ ಭೂತಕಾಲಕ್ಕೆ ಸೇರಿಬಿಡುತ್ತದೆ. ವ್ಯಾಕರಣದ ತರಗತಿಯಲ್ಲಿ ಇಂಥ ಉದಾಹರಣೆ ನನಗೆ ಎಂದೂ ಸಿಕ್ಕಿರಲಿಲ್ಲ.

ಅಂದು ಸಂಜೆ ಪೆಟ್ಟಿಗೆಯಿಂದ ನಮ್ಮ ತಂದೆಯವರು 1961ರಲ್ಲಿ ನಿವೇಶನ ಕೊಂಡಾಗಿನ ಕ್ರಯಪತ್ರವನ್ನು ತೆಗೆದು ನೋಡಿದೆ. ಛಾಪಾಕಾಗದ, ಪತ್ರಬರಹಗಾರನ ದುಂಡು ಅಕ್ಷರ. ಅದರಲ್ಲಿ ಮಾತನಾಡುವವನು ಮಾರುವವನು. ಈ ಸ್ವತ್ತು ತನಗೆ ಹೇಗೆ ಬಂತೆಂದು ಹೇಳುತ್ತಾನೆ, ಚಕ್ಕುಬಂದಿ ಹೇಳುತ್ತಾನೆ, ಪರಾಧೀನ ಮಾಡಿಲ್ಲವೆನ್ನುತ್ತಾನೆ, ಮುಂದೆ ದಾಯಾದಿಗಳಿಂದಾಗಲಿ ಸಾಲಗಾರರಿಂದಾಗಲಿ ತಂಟೆ ಬಂದರೆ ತಾನೇ ಮುಂದೆ ನಿಂತು ಪರಿಹರಿಸಿಕೊಡುವೆನೆಂದು ಒಪ್ಪುತ್ತಾನೆ. ಕೊಳ್ಳುವವರಾದ ನಮ್ಮ ತಂದೆಯವರು ಆ ಪತ್ರದಲ್ಲಿ ಒಂದು ಮಾತನ್ನೂ ಆಡಿಲ್ಲ. ಹಣ ಕೊಟ್ಟಿದ್ದಾರೆ, ಅಷ್ಟೆ. ಅರವತ್ತು ವರ್ಷಗಳಲ್ಲಿ ಭಾರ ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಸರಿದಿರುವ ರೀತಿಯನ್ನು ಈ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟಾಗ ಕಂಡೆ.

ಕಾನೂನು ಈ ಬಗ್ಗೆ ಏನು ಹೇಳುತ್ತದೆಂದು ಶಿಷ್ಯೆಯಿಂದಲೇ ಪಾಠ ಹೇಳಿಸಿಕೊಂಡೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದ ಪ್ರಕಾರ, ತನಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರದಿಂದ ಅವನು ಕಂಡುಹಿಡಿಯಲಾರದ ಮುಖ್ಯ ದೋಷಗಳನ್ನು ಮಾರುವವನು ಹೇಳಲೇಬೇಕು. ಕೇಳಿದರೆ ಹಕ್ಕುಪತ್ರಗಳನ್ನು ತೋರಿಸಲೇಬೇಕು. ಆದರೆ ಅದೇ ಅಧಿನಿಯಮದ 3ನೆಯ ಪ್ರಕರಣ ಇನ್ನೊಂದು ಮಾತನ್ನೂ ಹೇಳುತ್ತದೆ: ಮಾಡಬೇಕಾಗಿದ್ದ ವಿಚಾರಣೆಯನ್ನು ಬೇಕೆಂದೇ ಬಿಟ್ಟವನಿಗೆ, ಅಥವಾ ಭಾರಿ ಉಪೇಕ್ಷೆ ತೋರಿದವನಿಗೆ, ಆ ಸಂಗತಿ ತಿಳಿದಿತ್ತೆಂದೇ ಭಾವಿಸಲಾಗುವುದು. ನೋಂದಣಿಯಾದ ಪತ್ರದಲ್ಲಿರುವುದು ಓದಿದವನಿಗೂ ತಿಳಿದಿದೆ, ಓದದವನಿಗೂ ತಿಳಿದಿದೆ. ಹೀಗೆ ಮಾರುವವನ ಹೊಣೆಯಿರುವುದು ಕೊಳ್ಳುವವನು ಅರಿಯದಿರುವ ಸಂಗತಿಗಳ ಬಗ್ಗೆ. 'ಎಲ್ಲವನ್ನೂ ಪರಿಶೀಲಿಸಿದ್ದೇನೆ' ಎಂದು ಕೊಳ್ಳುವವನ ಬಾಯಿಂದಲೇ ಹೇಳಿಸಿಬಿಟ್ಟರೆ, ಅರಿಯೆನೆಂದು ಮುಂದೆ ಅವನು ಯಾವ ಮುಖದಿಂದ ಹೇಳುವನು? ಆ ಒಂದು ವಾಕ್ಯಕ್ಕೆ ಕಂಪನಿಯವರು ಕೊಡುವ ಬೆಲೆ ಇದಕ್ಕಾಗಿ.

ಇದೇ ಹೆಸರಿನ ಕಲಮು ಬೇರೊಂದು ದೇಶದಲ್ಲಿ ತದ್ವಿರುದ್ಧವಾದ ಕೆಲಸ ಮಾಡುವುದನ್ನು ನಾನು ಆಕಸ್ಮಿಕವಾಗಿ ಅರಿತೆ. ನನ್ನ ಮಗ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದಾನೆ. ಅವನೂ ಆಗ ನಕ್ಷೆಯ ಮೇಲಿನ ಮನೆಯೊಂದಕ್ಕೆ ಕರಾರು ಮಾಡಿಕೊಂಡಿದ್ದ. ಫೋನಿನಲ್ಲಿ ನನ್ನ ಒಂಬತ್ತನೆಯ ಪುಟವನ್ನು ಓದಿ ಹೇಳಿದಾಗ, "ಅಪ್ಪಾ, ನಮ್ಮಲ್ಲೂ ಆ ಕಲಮು ಇದೆ, ಆದರೆ ಅದು ನನ್ನ ರಕ್ಷಣೆಗೆ ಇರುವುದು" ಎಂದ. ಅವನ ಕರಾರಿನಲ್ಲಿ ಹದಿನೈದು ಕೆಲಸದ ದಿನಗಳನ್ನು ಕೊಟ್ಟಿದ್ದರು. ಆ ಅವಧಿಯಲ್ಲಿ ಅವನು ತನ್ನ ವಕೀಲರಿಂದ ಹಕ್ಕುಪತ್ರ ಓದಿಸಬಹುದು, ನಕ್ಷೆಯನ್ನು ತಿಳಿದವರಿಗೆ ತೋರಿಸಬಹುದು, ಬ್ಯಾಂಕನ್ನು ಕೇಳಬಹುದು. ತೃಪ್ತಿಯಾಗದಿದ್ದರೆ ಲಿಖಿತ ತಿಳುವಳಿಕೆ ಕೊಟ್ಟು ಹೊರಬರಬಹುದು. ವಕೀಲರ ವಿಶ್ವಸ್ತ ಖಾತೆಯಲ್ಲಿರುವ ಮುಂಗಡ ಹಿಂದಿರುಗುತ್ತದೆ. ಅಲ್ಲಿ ಕಲಮಿನ ಕ್ರಿಯಾಪದ ಭವಿಷ್ಯತ್ಕಾಲದ್ದು. ತೃಪ್ತಿ ಇನ್ನೂ ಆಗಬೇಕಾದದ್ದು, ಆಗದೆಯೂ ಹೋಗಬಹುದಾದದ್ದು.

ಅಲ್ಲಿಯೂ ಅಕ್ಷರ ಅಕ್ಷರವನ್ನೂ ನೋಡಬೇಕು. ತೃಪ್ತಿ ಯಾರದು? ಕೊಳ್ಳುವವನ ಸ್ವಂತ ವಿವೇಚನೆಗೆ ಬಿಟ್ಟದ್ದೋ, ಅಥವಾ ಕಾರಣವನ್ನು ಸಮರ್ಥಿಸಿ ತೋರಿಸಬೇಕಾದದ್ದೋ? ಗಡುವಿನ ದಿನ ಅವನು ಸುಮ್ಮನಿದ್ದರೆ ಒಪ್ಪಿದಂತೆಯೋ, ಬಿಟ್ಟಂತೆಯೋ? ಇವು ಬರೆದಿರಬೇಕು. ನಕ್ಷೆಯ ಮನೆಗಳ ಕರಾರಿನಲ್ಲಿ ಅಲ್ಲಿ ಇನ್ನೊಂದು ಕಲಮು ಬರುತ್ತದೆ. ಅದಕ್ಕೆ ಸೂರ್ಯಾಸ್ತದ ಕಲಮು ಎಂಬ ಕಾವ್ಯಮಯವಾದ ಹೆಸರು. ಇಂಥ ದಿನದೊಳಗೆ ಮನೆಯ ಹಕ್ಕುಪತ್ರ ಸಿದ್ಧವಾಗದಿದ್ದರೆ ಕರಾರು ಅಸ್ತಂಗತವಾಗುವುದು ಎಂದರ್ಥ. ಹೆಸರಿಗೆ ಇದು ಕೊಳ್ಳುವವನನ್ನು ಕಾಪಾಡುವ ಮಾತು. ಆದರೆ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸಿನಲ್ಲಿ, ಬೆಲೆಗಳು ಏರುತ್ತಿದ್ದ ಕಾಲದಲ್ಲಿ, ಕೆಲವು ಕಟ್ಟುವವರು ಬೇಕೆಂದೇ ಕೆಲಸ ತಡಮಾಡಿ, ಹಳೆಯ ಕರಾರನ್ನು ಮುಳುಗಿಸಿ, ಅದೇ ಮನೆಯನ್ನು ಹೆಚ್ಚಿನ ಬೆಲೆಗೆ ಮಾರಿಕೊಳ್ಳುತ್ತಿದ್ದಾರೆಂಬ ದೂರು ಎದ್ದಿತು. ಕೊಳ್ಳುವವರ ಒಪ್ಪಿಗೆಯೋ ನ್ಯಾಯಾಲಯದ ಆದೇಶವೋ ಇಲ್ಲದೆ ಹಾಗೆ ರದ್ದುಮಾಡಕೂಡದೆಂದು 2015ರಲ್ಲಿ ಅಲ್ಲಿನ ಶಾಸನಸಭೆ ಕಾನೂನು ಮಾಡಬೇಕಾಯಿತು. ಸಮುದ್ರದಾಚೆ ಇರುವವರೆಲ್ಲ ಹರಿಶ್ಚಂದ್ರರೆಂದು ಯಾರೂ ಭಾವಿಸಬೇಕಾಗಿಲ್ಲ.

ನಮ್ಮ ಊರಿಗೆ ಬರೋಣ. ಸಹಿಗೆ ಮುಂಚೆ ನಿಜವಾಗಿಯೂ ಪರಿಶೀಲಿಸಿಬಿಡೋಣ ಸಾರ್ ಎಂದಳು ಶಿಷ್ಯೆ. ಅದಕ್ಕೆ ಮೂರು ವಾರ ಹಿಡಿಯಿತು. ನಕ್ಷೆಯ ಮನೆಯಲ್ಲಿ ನೋಡಲು ಗೋಡೆಯಿಲ್ಲ, ಕಿಟಕಿಯಿಲ್ಲ, ಇರುವುದೆಲ್ಲ ನೆಲ. ಆದುದರಿಂದ ಪೂರ್ವಾಪರವೆಂದರೆ ಮುಖ್ಯವಾಗಿ ನೆಲದ ಪೂರ್ವಾಪರ. ಋಣಭಾರ ಪತ್ರವನ್ನು ಈಗ ಕಾವೇರಿ ಜಾಲತಾಣದಿಂದಲೇ ತೆಗೆಯಬಹುದು. ಅದರಲ್ಲಿ ಒಂದು ಪಂಚತಾರಾ ಹೋಟೆಲಿನ ಊಟದ ಬಿಲ್ಲಿನಂತೆ ಎಲ್ಲವೂ ಸ್ಪಷ್ಟವಾಗಿತ್ತು: ಮೂವರು ಅಣ್ಣತಮ್ಮಂದಿರು ಎರಡೂಕಾಲು ಎಕರೆಯನ್ನು ಜಂಟಿ ಅಭಿವೃದ್ಧಿ ಕರಾರಿನ ಮೂಲಕ ಕಂಪನಿಗೆ ಕೊಟ್ಟಿದ್ದಾರೆ, ಅಧಿಕಾರಪತ್ರ ಬರೆದುಕೊಟ್ಟಿದ್ದಾರೆ, ಬೇರೆ ಭಾರವಿಲ್ಲ. ನನಗೆ ಇಷ್ಟರಲ್ಲಿ ತೃಪ್ತಿಯಾಗಿಹೋಗಿತ್ತು. ಅವಳಿಗಾಗಿರಲಿಲ್ಲ. ಋಣಭಾರ ಪತ್ರವು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಹೇಳುತ್ತದೆ. ನೋಂದಣಿಯಾಗದ ಉಯಿಲು, ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಎತ್ತಿದ ಸಾಲ, ನ್ಯಾಯಾಲಯದಲ್ಲಿರುವ ದಾವೆ, ಇವು ಅದರಲ್ಲಿ ಕಾಣದೆ ಹೋಗಬಹುದು. ಖಾತೆಯೂ ಹಾಗೆಯೇ: ಅದು ತೆರಿಗೆಗಾಗಿ ಇರುವ ದಾಖಲೆ, ಒಡೆತನದ ಪತ್ರವಲ್ಲ.

ಆಮೇಲೆ ವಂಶವೃಕ್ಷ ತರಿಸಿದಳು. ಆ ಕಾಗದದ ಮುಂದೆ ನಾನು ಬಹಳ ಹೊತ್ತು ಕುಳಿತೆ. ಅಜ್ಜನಿಂದ ಬಂದ ಜಮೀನು. ಅಜ್ಜನ ಮಗನಿಗೆ ಮೂವರು ಗಂಡುಮಕ್ಕಳು. ಹೆಣ್ಣುಮಕ್ಕಳ ಹೆಸರೇ ಇಲ್ಲ. ಹುಟ್ಟಿರಲಿಲ್ಲವೋ, ಬರೆದಿರಲಿಲ್ಲವೋ? ನಮ್ಮ ರಾಜ್ಯದಲ್ಲಿ 1994ರಲ್ಲಿಯೇ ತಿದ್ದುಪಡಿಯಾಗಿ, ಅಂದು ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಹಕ್ಕು ಬಂತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದವರಿಗೂ ಅದನ್ನು ಕೊಟ್ಟಿತು. ತಂದೆ ಆ ದಿನ ಬದುಕಿರಬೇಕೆಂಬ ಕಟ್ಟೂ ಇಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಹಳ್ಳಿಯ ಚಾವಡಿಯಲ್ಲಿ ಬರೆಸಿದ ವಂಶವೃಕ್ಷಗಳು ಮಾತ್ರ ಇನ್ನೂ ಗಂಡುಕೊಂಬೆಗಳನ್ನೇ ಬಿಡುತ್ತಿರುತ್ತವೆ. ಅರಿಶಿನ ಕುಂಕುಮಕ್ಕೆ ಕರೆಯುವ ಅಕ್ಕತಂಗಿಯರನ್ನು ಸಹಿಗೆ ಕರೆಯಲು ಅಣ್ಣತಮ್ಮಂದಿರಿಗೆ ನೆನಪಾಗುವುದಿಲ್ಲ.

ಶಿಷ್ಯೆ ನ್ಯಾಯಾಲಯಗಳ ಜಾಲತಾಣದಲ್ಲಿ ಅಣ್ಣತಮ್ಮಂದಿರ ಹೆಸರು ಹಾಕಿ ಹುಡುಕಿದಳು. ಸಿಕ್ಕಿತು. ಇಬ್ಬರು ಅಕ್ಕಂದಿರು ಭಾಗದ ದಾವೆ ಹೂಡಿ ಹದಿನಾಲ್ಕು ತಿಂಗಳಾಗಿತ್ತು. ಸ್ವತ್ತಿನ ಪಟ್ಟಿಯಲ್ಲಿ ನಾವು ತುಳಸಿಯ ಕುಂಡ ಇಡಬೇಕಾಗಿದ್ದ ಸರ್ವೆ ನಂಬರೂ ಇತ್ತು. ದಾವೆ ನಡೆಯುತ್ತಿರುವಾಗ ಕೊಂಡವನು ಅದರ ತೀರ್ಪಿಗೆ ಕಟ್ಟುಬೀಳುತ್ತಾನೆ ಎಂಬುದು 52ನೆಯ ಪ್ರಕರಣ. ದಾವೆಯ ಸುದ್ದಿ ಅವನಿಗೆ ತಿಳಿದಿತ್ತೆ, ಇಲ್ಲವೆ ಎಂಬ ಪ್ರಶ್ನೆಯೂ ಅಲ್ಲಿ ಏಳುವುದಿಲ್ಲ. ನಾನಂತೂ ಎಲ್ಲವನ್ನೂ ಪರಿಶೀಲಿಸಿ ತೃಪ್ತನಾಗಿದ್ದೇನೆಂದು ಬರೆದುಕೊಡುವುದರಲ್ಲಿದ್ದೆ!

ನೋಡಬೇಕಾದ ಬೇರೆ ಸಂಗತಿಗಳೂ ಉಂಟು. ಜಮೀನು ಕೃಷಿಯಿಂದ ಪರಿವರ್ತನೆಯಾಗಿದೆಯೆ. ಗ್ರಾಮನಕ್ಷೆಯಲ್ಲಿ ರಾಜಕಾಲುವೆ ಅದರೊಳಗೆ ಹಾದಿದೆಯೆ. ಮೂಲದಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯೆ, ಆಗಿದ್ದರೆ 1978ರ ನಿಷೇಧ ಕಾನೂನಿಗೆ ಒಳಪಡುವುದೆ. ಕರಾರಿನಲ್ಲಿ ಬರೆದ ಅಂತಸ್ತುಗಳ ಸಂಖ್ಯೆಗೂ ಮಂಜೂರಾದ ನಕ್ಷೆಗೂ ತಾಳೆಯಾಗಬೇಕು. ನೆಲದಲ್ಲಿ ನಮಗೆ ಬರುವ ಅವಿಭಾಜ್ಯ ಪಾಲು ಎಷ್ಟು ಚದರಡಿಯೆಂದು ಅಂಕಿಯಲ್ಲಿ ಇರಬೇಕು.

ನ್ಯಾಯವಾಗಿ ಹೇಳುವುದಾದರೆ, ಕೊಳ್ಳುವವನು ಇಂದು ಮೊದಲಿನಷ್ಟು ಅನಾಥನಲ್ಲ. ರೇರಾ ಎಂದು ಎಲ್ಲರೂ ಕರೆಯುವ 2016ರ ಅಧಿನಿಯಮಕ್ಕೆ ಕರ್ನಾಟಕದ ನಿಯಮಗಳು 2017ರಲ್ಲಿ ಬಂದವು. ಕರಾರು ನೋಂದಣಿಯಾಗದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಪಡೆಯಕೂಡದು. ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡ 70 ಭಾಗ, ಆ ಯೋಜನೆಯ ನೆಲ ಮತ್ತು ಕಟ್ಟಡದ ವೆಚ್ಚಕ್ಕೆಂದೇ, ಪ್ರತ್ಯೇಕ ಖಾತೆಯಲ್ಲಿರಬೇಕು. ಎಲ್ಲರಿಗೂ ಸೇರಿದ ಭಾಗಗಳ ನಕ್ಷೆ ಬದಲಿಸಲು ಕೊಂಡವರಲ್ಲಿ ಮೂರನೆಯ ಎರಡು ಪಾಲು ಜನ ಒಪ್ಪಬೇಕು. ನಮ್ಮ ವಿಷಯಕ್ಕೆ ಅತಿ ಮುಖ್ಯವಾದದ್ದು 18ನೆಯ ಪ್ರಕರಣದ ಎರಡನೆಯ ಉಪಪ್ರಕರಣ: ನೆಲದ ಹಕ್ಕಿನಲ್ಲಿ ದೋಷವಿದ್ದು ಕೊಂಡವನಿಗೆ ನಷ್ಟವಾದರೆ ಕಟ್ಟುವವನು ಪರಿಹಾರ ಕೊಡಬೇಕು, ಆ ಹಕ್ಕಿಗೆ ಕಾಲಮಿತಿಯ ಅಡ್ಡಿಯೂ ಇಲ್ಲ. ಗುರುಗ್ರಾಮದ ಒಂದು ಮೊಕದ್ದಮೆಯಲ್ಲಿ 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೊಳ್ಳುವವನು ತಡಮಾಡಿದರೆ ಶೇಕಡ 18 ಬಡ್ಡಿ, ಕಟ್ಟುವವನು ತಪ್ಪಿದರೆ ಶೇಕಡ 9 ಎಂಬಂಥ ಏಕಪಕ್ಷೀಯ ಕರಾರು ಅನ್ಯಾಯದ ವ್ಯಾಪಾರಪದ್ಧತಿಯೆಂದೂ, ತೋರಿಸಿದಲ್ಲಿ ಸಹಿ ಹಾಕದೆ ಗತ್ಯಂತರವಿಲ್ಲದ ಕೊಳ್ಳುವವನನ್ನು ಅದು ಕಟ್ಟಿಹಾಕದೆಂದೂ ಹೇಳಿತು. ಆದ್ದರಿಂದ ಒಂಬತ್ತನೆಯ ಪುಟದ ವಾಕ್ಯ ಬ್ರಹ್ಮಲಿಪಿಯಲ್ಲ. ಆದರೆ ಅದನ್ನು ಅಳಿಸುವುದಕ್ಕೆ ಅರ್ಜಿ, ವಾಯಿದೆ, ವಕೀಲರು, ವರ್ಷಗಳು ಬೇಕು. ಅರವತ್ತು ದಾಟಿದವನ ಕೈಯಲ್ಲಿ ಇವುಗಳಲ್ಲಿ ಕೊನೆಯದು ಕಡಿಮೆ. ರೇರಾದಲ್ಲಿ ನೋಂದಣಿಯಾಗಿದೆ ಎಂದ ಮಾತ್ರಕ್ಕೆ ನೆಲದ ಹಕ್ಕು ನಿರ್ದುಷ್ಟವೆಂದು ಸರ್ಕಾರ ಮುದ್ರೆಯೊತ್ತಿದಂತೆಯೂ ಅಲ್ಲ.

ಕಂಪನಿಯ ಕಚೇರಿಗೆ ಹೋದೆ. ಆ ವಾಕ್ಯದ ಬದಲು ಎರಡು ವಾಕ್ಯ ಬರೆದುಕೊಂಡು ಹೋಗಿದ್ದೆ: ನನಗೆ ತೋರಿಸಿದ ದಾಖಲೆಗಳು ಇಂತಿಂಥವು ಎಂದು ಪಟ್ಟಿ, ಮೂವತ್ತು ದಿನಗಳಲ್ಲಿ ನನಗೆ ತೃಪ್ತಿಯಾಗದಿದ್ದರೆ ಮುಂಗಡ ಪೂರ್ತಿ ವಾಪಸು. ದಾವೆಯ ವಿಷಯವನ್ನೂ ಎತ್ತಿದೆ. ಅಲ್ಲಿದ್ದ ಹುಡುಗ ವಿನಯವಂತ. "ಸಾರ್, ಅದು ಫ್ಯಾಮಿಲಿ ಮ್ಯಾಟರು, ಸೆಟ್ಲ್ ಆಗುತ್ತೆ. ಇದು ಫಾರ್ಮ್ಯಾಟ್ ಸಾರ್, ನಾನೂರು ಜನ ಸೈನ್ ಮಾಡಿದ್ದಾರೆ, ಯಾರೂ ಕೇಳಿಲ್ಲ" ಎಂದ. ಅವನ ಮಾತು ನಿಜವಿರಬೇಕು. ನಾನು ಸಹಿ ಹಾಕಲಿಲ್ಲ. ಎರಡು ಲಕ್ಷ ಹಿಂದಕ್ಕೆ ಬರಲು ಹನ್ನೊಂದು ತಿಂಗಳೂ ನಾಲ್ಕು ನೋಟೀಸೂ ಹಿಡಿದವು. ನನ್ನಾಕೆ ತುಳಸಿಯ ಕುಂಡವನ್ನು ಈಗಿರುವ ಬಾಡಿಗೆ ಮನೆಯ ಮೆಟ್ಟಿಲ ಬಳಿಯೇ ಇಟ್ಟಿದ್ದಾಳೆ.

ಆ ನಾನೂರರಲ್ಲಿ ಒಬ್ಬರು ನನ್ನ ಮಿತ್ರರು, ನಮ್ಮ ಕಾಲೇಜಿನಲ್ಲಿಯೇ ಗಣಿತ ಹೇಳುತ್ತಿದ್ದವರು. ನಾನು ಆ ಮನೆಗಳ ಸುದ್ದಿ ಹೇಳಿದ್ದರಿಂದಲೇ ಅವರೂ ಒಂದನ್ನು ಹಿಡಿದಿದ್ದರು; ಶಿಷ್ಯೆ ದಾವೆಯನ್ನು ಕಂಡುಹಿಡಿಯುವ ಎಂಟು ದಿನ ಮೊದಲು ಅವರ ಕರಾರು ನೋಂದಣಿಯಾಗಿಹೋಗಿತ್ತು. ಆ ಎಂಟು ದಿನಗಳು ನನ್ನನ್ನು ಈಗಲೂ ಕಾಡುತ್ತವೆ. ಕಟ್ಟಡ ಆರನೆಯ ಅಂತಸ್ತಿಗೆ ಬಂದು ನಿಂತಿದೆ. ಅಕ್ಕಂದಿರಿಗೆ ತಡೆಯಾಜ್ಞೆ ಸಿಕ್ಕಿದೆ. ಮಿತ್ರರು ತಿಂಗಳಿಗೊಮ್ಮೆ ಹೋಗಿ ಬೇಲಿಯ ಸಂದಿನಿಂದ ನೋಡಿ ಬರುತ್ತಾರೆ. ಕಳೆದ ತಿಂಗಳು ನಾನೂ ಜೊತೆಗೆ ಹೋಗಿದ್ದೆ. ಹಿಂದಿರುಗಿ ಬಂದ ಮೇಲೆ ಅವರು ತಮ್ಮ ಕರಾರಿನ ಪ್ರತಿಯನ್ನು ತೆಗೆದು, "ನೀವು ಹೇಳುತ್ತಿದ್ದ ಆ ಮಾತು ಎಲ್ಲಿದೆ, ಕನ್ನಡದಲ್ಲಿ ಓದಿ" ಎಂದರು. ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ನಾನು ಹೇಳಿದೆನೆ?" ಎಂದು ಕೇಳಿದರು. ಪುಟದ ಅಡಿಯಲ್ಲಿ ಅವರ ಸಹಿಯಿತ್ತು, ಅದರ ಕೆಳಗೆ ಪೆನ್ಸಿಲಿನ ಗುರುತು ಇನ್ನೂ ಅಳಿಸಿರಲಿಲ್ಲ. 18ನೆಯ ಪ್ರಕರಣದ ಅರ್ಜಿಗಾಗಿ ಬರುವ ಸೋಮವಾರ ಇಬ್ಬರೂ ನನ್ನ ಶಿಷ್ಯೆಯ ಕಚೇರಿಗೆ ಹೋಗುವವರಿದ್ದೇವೆ.